ಗುಡ್ಡೆಯ ಇಳಿಜಾರಿನಲ್ಲಿ ಕೋಳಿಗೆ ಬೇಲಿ

ಉಡುಪಿ ಜಿಲ್ಲೆಯ ಹಿರಿಯಡ್ಕ, ಪೆರ್ಡೂರು ಕಡೆ ಮನೆ ಹಿಂದೆ ಸಮತಟ್ಟು ಜಾಗ ಸಿಗುವುದೇ ಕಷ್ಟ. ಅಂಗಳ ಮುಗಿದ ಕೂಡಲೇ ಗುಡ್ಡೆ ಏರುತ್ತದೆ, ಇಲ್ಲವೇ ತೋಟಕ್ಕೆ ಇಳಿಯುತ್ತದೆ. ಅಂಥ ಕಡೆ ಊರಿನ ಕೋಳಿ ಸಾಕುವವರು ಬೇಲಿಯ ಎತ್ತರದ ಚಿಂತೆ ಆಮೇಲೆ ಮಾಡಿ, ಮೊದಲು ಅದರ ಬುಡ ಗಟ್ಟಿ ಮಾಡಿ. ಮುಂಗುಸಿ, ನಾಯಿ, ಉಡ ಎಲ್ಲವೂ ಹುಡುಕುವುದು ಅಡಿಯ ಸಂದನ್ನೇ ಅಲ್ವಾ?

ಕಂಬ ನೆಲದ ಓರೆಗೆ ವಾಲಬಾರದು. ತೂಗುಗುಂಡು ಬಿಟ್ಟು ನೋಡಿ ನೆಟ್ಟಗೆ ನಿಲ್ಲಿಸಿ. 8 ಅಡಿಗೊಂದು ಸಾಕು, ಏರು ಜಾಸ್ತಿ ಇದ್ದರೆ 6 ಅಡಿಗೊಂದು. ಅಡಿಕೆ ಮರದ ಕಂಬ ಸುಲಭಕ್ಕೆ ಸಿಗುತ್ತದೆ, ಆದರೆ ಮಣ್ಣಿನೊಳಗಿನ ಭಾಗ ಬೇಗ ಕುಂಬಾಗಿ ಕೊಳೆಯುತ್ತದೆ. ಮೂಲೆಗಳಿಗಾದರೂ ಕಲ್ಲುಕಂಬ ಹಾಕಿ. ಬಲೆ ತರುವ ಮೊದಲು ನೆಲಕ್ಕೆ ತಾಗಿಸಿ ಹಗ್ಗ ಹಾಸಿ ಅಳೆಯಿರಿ. ಗಾಳಿಯಲ್ಲಿ ನೇರ ಹಿಡಿದು ಅಳೆದರೆ ಕೊನೆಗೆ ಬಲೆ ಸಾಲುವುದಿಲ್ಲ.

ಚೈನ್‌ಲಿಂಕ್, ಅಂದರೆ ತಂತಿ ಹೆಣೆದ ಬಲೆ, ಸ್ವಲ್ಪ ಮಟ್ಟಿಗೆ ಇಳಿಜಾರಿನ ಜೊತೆಗೇ ಬಾಗುತ್ತದೆ. ತಂತಿಗಳನ್ನು ಬೆಸೆದ ವೆಲ್ಡ್ ಮೆಶ್ ಬಾಗುವುದಿಲ್ಲ, ಕಂಬದಿಂದ ಕಂಬಕ್ಕೆ ತುಂಡು ಮಾಡಿ ಮೆಟ್ಟಿಲಿನ ಹಾಗೆ ಇಳಿಸಬೇಕು. ಆಗ ಪ್ರತಿ ತುಂಡಿನ ಅಡಿಯಲ್ಲೂ ಮುಕ್ಕೋನದ ಸಂದು ಉಳಿಯುತ್ತದೆ. ಯಾವ ಬಲೆಯಾದರೂ ಸರಿ, ಬುಡಕ್ಕೆ ಅರ್ಧ ಇಂಚು ಕಣ್ಣಿನ ಇನ್ನೊಂದು ಬಲೆ ಕಟ್ಟಿ. ಅದರ 1 ಅಡಿಯಷ್ಟನ್ನು ಹೊರಗಡೆಗೆ ಮಡಚಿ ನೆಲದ ಮೇಲೆ ಹಾಸಿ, ಮೇಲೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ತುಂಡು ಹೇರಿ. ನಮ್ಮ ಮುರ ಮಣ್ಣಲ್ಲಿ ಉದ್ದಕ್ಕೂ ಪಿಕಾಸಿ ಹಾಕಿ ಬಲೆ ಹೂಳುವುದಕ್ಕಿಂತ ಇದು ಎಷ್ಟೋ ವಾಸಿ. ನಾಯಿ ಕೆರೆಯುವುದು ಬೇಲಿಯ ಬುಡದಲ್ಲೇ. ಉಗುರು ಬಲೆಗೆ ಸಿಕ್ಕಿದರೆ ಸಾಮಾನ್ಯವಾಗಿ ಬಿಟ್ಟು ಹೋಗುತ್ತದೆ.

ಇಳಿಜಾರಿನಲ್ಲಿ ಇನ್ನೊಂದು ಸಂಗತಿ ಇದೆ, ತುಂಬಾ ಜನ ಗಮನಿಸುವುದಿಲ್ಲ. ಕೋಳಿ ಒಂದು ಹೆಜ್ಜೆ ಮುಂದಿಟ್ಟು, ಕಾಲಲ್ಲಿ ಎರಡು ಸಲ ಕೆದರಿ, ಹಿಂದೆ ಸರಿದು ನೋಡುತ್ತದೆ. ಕೆದರಿದ ಮಣ್ಣೆಲ್ಲ ಮೆಲ್ಲಗೆ ಕೆಳಗೆ ಜಾರುತ್ತದೆ. ಕೆಲವು ತಿಂಗಳಲ್ಲೇ ಮೇಲಿನ ಬೇಲಿಯ ಬುಡ ಬರಿದಾಗಿ ಸಂದು ಬೀಳುತ್ತದೆ, ಕೆಳಗಿನ ಬೇಲಿಗೆ ಮಣ್ಣು ಒತ್ತಿ ಬಲೆ ಹೊರಗೆ ಉಬ್ಬುತ್ತದೆ. ಅದಕ್ಕೆ ಮೇಲಿನ ಬೇಲಿಯ ಒಳಬದಿಗೂ ಕಲ್ಲಿನ ಸಾಲು ಇಡಿ. ನಡುವೆ ಅಡ್ಡಕ್ಕೆ ಎರಡು ತೆಂಗಿನ ಮರದ ತುಂಡು ಹಾಕಿ, ಮಣ್ಣು ಅಲ್ಲಲ್ಲೇ ನಿಲ್ಲುತ್ತದೆ.

ಎತ್ತರ ಸಾಮಾನ್ಯವಾಗಿ 6 ಅಡಿ ಸಾಕು. ಮೇಲಿನ ಬದಿಯಲ್ಲಿ ಬರೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆ, ಇದ್ದರೆ ನಾಯಿ ಅದರ ಮೇಲಿಂದಲೇ ಹಾರುತ್ತದೆ, ಅಲ್ಲಿ ಇನ್ನಷ್ಟು ಎತ್ತರಿಸಿ.

ಕೆಲಸಕ್ಕೆ ಒಂದೆರಡು ಬೇಸಿಗೆ ಮಳೆ ಬಿದ್ದ ಮೇಲಿನ ಸಮಯ ಒಳ್ಳೆಯದು, ಗುಂಡಿ ತೋಡಲು ನೆಲ ಮೆತ್ತಗಿರುತ್ತದೆ. ತುಳುವರ ಪತ್ತನಾಜೆ ದಿನದ ಹೊತ್ತಿಗೆ, ಅಂದರೆ ಮೇ 24ರ ಆಸುಪಾಸಿಗೆ, ಮುಗಿಸಿಬಿಡಿ. ಬೇಲಿಯ ಮೇಲ್ಬದಿಯಲ್ಲಿ ಒಂದು ಕಣಿ ತೋಡಿ, ಗುಡ್ಡೆಯ ನೀರು ಪಕ್ಕಕ್ಕೆ ಹೋಗಲಿ. ಮಳೆಗಾಲದಲ್ಲಿ ಕೆಳಗಿನ ಬಲೆಗೆ ತರಗೆಲೆ ಅಂಟಿ ನೀರು ಕಟ್ಟುತ್ತದೆ. ದಿನಾ ಬೆಳಿಗ್ಗೆ ಕೋಳಿ ಬಿಡುವಾಗ ಅದನ್ನು ಎಳೆದು ಹಾಕಿ.

ಬಾಗಿಲು ತಗ್ಗಿನ ಕಡೆಗೆ ತೆರೆಯುವಂತಿರಲಿ. ಏರಿನ ಕಡೆಗೆ ತೆರೆದರೆ ನೆಲಕ್ಕೆ ತಾಗುತ್ತದೆ, ತಾಗದಂತೆ ಎತ್ತಿ ಕಟ್ಟಿದರೆ ಅಡಿಯಲ್ಲಿ ಮುಂಗುಸಿಗೆ ದಾರಿ. ಬಾಗಿಲ ಕೆಳಗೆ ಹೊಸ್ತಿಲಿನ ಬದಲು ಒಂದು ಮುರಕಲ್ಲು ಮಟ್ಟವಾಗಿ ಹೂತುಬಿಡಿ. ಮುಚ್ಚಿದಾಗ ಎರಡರ ನಡುವೆ ಎರಡು ಬೆರಳು ಕೂಡ ಹೋಗಬಾರದು.