ಬಿಸಿನೆಸ್ ಅಂದಾಗ ಏಳದ ಕೈಗಳು

ನನ್ನ ಊರು ದಾವಣಗೆರೆ, ಕೆಲಸ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಅಕೌಂಟ್ಸ್. ಶನಿವಾರ ಇಲ್ಲಿನ ಸೊವೆಟೊ ಬಡಾವಣೆಯ ಒಂದು ಚರ್ಚ್ ಹಾಲಿನಲ್ಲಿ ಹುಡುಗಿಯರಿಗೆ ಲೆಕ್ಕ ಬರೆಯುವುದನ್ನು ಹೇಳಿಕೊಡುತ್ತೇನೆ. ಎಲ್ಲರೂ ಕಪ್ಪು ಹುಡುಗಿಯರು, 18ರಿಂದ 25ರೊಳಗಿನವರು.

ಮೊದಲ ದಿನ "ಸ್ವಂತ ಬಿಸಿನೆಸ್ ಮಾಡೋ ಆಸೆ ಯಾರಿಗಿದೆ?" ಎಂದು ಕೇಳಿದೆ. ಹದಿನಾಲ್ಕು ಜನರಲ್ಲಿ ಮೂರು ಕೈ ಎದ್ದವು. ಇವರಿಗೆ ಧೈರ್ಯ ಸಾಲದು ಎಂದುಕೊಂಡು ಎರಡು ತಿಂಗಳು ಸಾಲದ ಫಾರ್ಮು, ಪ್ರಾಜೆಕ್ಟ್ ರಿಪೋರ್ಟು ಅಂತ ಕೊರೆದೆ. ಪಾಪ, ಸುಮ್ನೆ ಕೇಳಿಸಿಕೊಂಡರು.

ಒಂದು ದಿನ ಟೀ ಹೊತ್ತಿನಲ್ಲಿ ಒಬ್ಬಳು ಇನ್ನೊಬ್ಬಳಿಗೆ ನೇಲ್ ಪಾಲಿಶ್ ಮಾರುತ್ತಿದ್ದುದು ಕಣ್ಣಿಗೆ ಬಿತ್ತು. ಪ್ರಶ್ನೆ ಬದಲಿಸಿದೆ: "ಹೋದ ವಾರ ಯಾರು ಏನು ಮಾರಿದಿರಿ?" ಹನ್ನೊಂದು ಕೈ! ಜಡೆ ಹೆಣೆಯುವುದು, ಪರ್‌ಫ್ಯೂಮ್, ಮೊಬೈಲ್ ರೀಚಾರ್ಜ್, ಮಗ್ವಿನ್ಯಾ. ಈ ಮಗ್ವಿನ್ಯಾ ಅಂದರೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ನಮ್ಮ ಮಂಗಳೂರು ಬನ್ಸ್‌ಗೆ ದೂರದ ನೆಂಟ.

"ಅದು ಬಿಸಿನೆಸ್ ಅಲ್ಲ ಮಾ, ಹಸ್ಲ್" ಎಂದಳು ಜಡೆ ಹೆಣೆಯುವವಳು. ಬಿಸಿನೆಸ್ ಅಂದರೆ ಅವಳ ಕಣ್ಣಿಗೆ ಆಫೀಸು, ಕಾರು. ತಾನು ಮಾಡುವುದು ಕೆಲಸ ಸಿಗುವ ತನಕ ಕೈಖರ್ಚಿಗೆ.

ಪುಸ್ತಕ ತೆರೆದು ಅವಳ ಲೆಕ್ಕ ಹಾಕಿದೆವು. ಒಂದು ತಲೆಗೆ 350 ರ‍್ಯಾಂಡ್ (ಇಲ್ಲಿನ ದುಡ್ಡು). ಜಡೆಗೆ ಸೇರಿಸಿ ಹೆಣೆಯುವ ಕೂದಲಿನ ಪ್ಯಾಕೆಟ್ ಮೂರು, ಒಟ್ಟು 120. ಟ್ಯಾಕ್ಸಿಗೆ 40. ಉಳಿದದ್ದು 190, ಹಿಡಿದದ್ದು ಐದು ತಾಸು. ಅಂದರೆ ತಾಸಿಗೆ 38. ಇಲ್ಲಿ 2025ರ ಕನಿಷ್ಠ ಕೂಲಿ ತಾಸಿಗೆ 28.79. ಅವಳು ಎರಡೆರಡು ಸಲ ಕೂಡಿ ಕಳೆದು ನೋಡಿದಳು. ನನ್ನ ಎರಡು ತಿಂಗಳ ಭಾಷಣಕ್ಕಿಂತ ಆ ಒಂದು ಹಾಳೆ ಜಾಸ್ತಿ ಕೆಲಸ ಮಾಡಿತು.

ಆದರೂ ಎಲ್ಲರ ಅಮ್ಮಂದಿರಿಗೂ ನರ್ಸ್ ಕೆಲಸವೋ ಟೀಚರ್ ಕೆಲಸವೋ ಬೇಕು. ಅದರಲ್ಲೂ ತಪ್ಪು ಕಾಣಲಿಲ್ಲ. ಈ ದೇಶದಲ್ಲಿ ಕೆಲಸ ಹುಡುಕುವ ಯುವಜನರಲ್ಲಿ ಹತ್ತಕ್ಕೆ ನಾಲ್ಕಕ್ಕೂ ಜಾಸ್ತಿ ಮಂದಿಗೆ ಕೆಲಸವೇ ಇಲ್ಲ. ಸಂಬಳ ತರುವ ಒಬ್ಬಳ ಮೇಲೆ ತಮ್ಮಂದಿರ ಫೀಸು, ಅಜ್ಜಿಯ ಮಾತ್ರೆ ಎಲ್ಲಾ ಬೀಳುತ್ತದೆ. ಅದಕ್ಕೆ 'ಬ್ಲ್ಯಾಕ್ ಟ್ಯಾಕ್ಸ್' ಎಂದೇ ಹೆಸರಿಟ್ಟಿದ್ದಾರೆ. ಅಂಗಡಿಯಲ್ಲಿ ನಷ್ಟವಾದರೆ ಅವಳೊಬ್ಬಳಿಗಲ್ಲ, ಮನೆಗೇ ಆಗುತ್ತದೆ ಅಲ್ವಾ?

ಆಸೆ ಎಲ್ಲಿಂದ ಹುಟ್ಟಿತು ಎಂದು ಕೇಳಿದರೆ ಹೆಚ್ಚಿನವರು ಹೇಳಿದ್ದು ಅಜ್ಜಿಯ, ಚಿಕ್ಕಮ್ಮನ ಕಥೆ. ಒಬ್ಬಳ ಅಜ್ಜಿ ಬಾರಾ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮಗ್ವಿನ್ಯಾ ಮಾರಿಯೇ ಮಕ್ಕಳನ್ನು ಓದಿಸಿದವರು. ಆ ಕಾಲದ ಕಾನೂನಿನಲ್ಲಿ, ಸಂಪ್ರದಾಯದಂತೆ ಮದುವೆಯಾದ ಕಪ್ಪು ಹೆಂಗಸು ಗಂಡನ ಕೈಕೆಳಗಿನ ಮೈನರ್. ಅದನ್ನು ತೆಗೆದುಹಾಕಿದ ಕಾಯ್ದೆ ಬಂದದ್ದು 1998ರಲ್ಲಿ. ಅಂಥಾ ಅಜ್ಜಿ ಕಣ್ಣೆದುರಿಗಿದ್ದ ಮೊಮ್ಮಗಳಿಗೆ ನನ್ನ ಪಾಠ ಯಾಕೆ ಬೇಕು?

ಬಂಡವಾಳಕ್ಕೆ ಬ್ಯಾಂಕಿನ ದಾರಿ ತೋರಿಸಿದ್ದೂ ನನ್ನ ತಪ್ಪೇ. ಒಬ್ಬಳನ್ನು ನಾನೇ ಕರೆದುಕೊಂಡು ಹೋಗಿದ್ದೆ. ಸಂಬಳದ ಚೀಟಿ ಕೇಳಿ ವಾಪಸ್ ಕಳಿಸಿದರು. ಈ ಹುಡುಗಿಯರ ಜನರಲ್ಲಿ ಸ್ಟಾಕ್‌ವೆಲ್ ಎಂಬುದಿದೆ, ನಮ್ಮ ಚೀಟಿಯ ಹಾಗೆ. ಆದರೆ ನಾನು ನೋಡಿದ್ದರಲ್ಲಿ ಹರಾಜು ಕೂಗುವುದಿಲ್ಲ, ಸರದಿ ಪ್ರಕಾರವೋ ಡಿಸೆಂಬರ್‌ನಲ್ಲೋ ದುಡ್ಡು ಕೈಗೆ ಬರುತ್ತದೆ. ಐದು ಜನ ಸೇರಿ ತಿಂಗಳಿಗೆ 200 ರ‍್ಯಾಂಡ್‌ನಂತೆ ಶುರು ಮಾಡಿದರು. ಲೆಕ್ಕದ ಪುಸ್ತಕ ನನ್ನ ಹತ್ತಿರ ಇದೆ, ಅಷ್ಟೇ.

ಮೊದಲ ಸರದಿ ಜಡೆಯವಳಿಗೇ ಬಂತು. 175 ರ‍್ಯಾಂಡ್ ಕಟ್ಟಿ ಕಂಪನಿ ನೋಂದಾಯಿಸಿದಳು. ಮಿಕ್ಕ ದುಡ್ಡಿಗೆ ಸಗಟಿನಲ್ಲಿ ಕೂದಲು ತಂದಳು. ಈ ನಡುವೆ ಸಿಕ್ಕ ಸೂಪರ್‌ಮಾರ್ಕೆಟ್ ಕೆಲಸ ಮಾತ್ರ ಬಿಟ್ಟಿಲ್ಲ, ಅಮ್ಮ ಬಿಡಲು ಬಿಟ್ಟಿಲ್ಲ.

ಆಮೇಲೆ ಮೂರು ವಾರ ಅವಳು ಕ್ಲಾಸಿಗೇ ಬರಲಿಲ್ಲ. ಫೋನ್ ಮಾಡಿದರೆ, "ಶನಿವಾರ ಗಿರಾಕಿ ಜಾಸ್ತಿ ಮಾ, ಹೇಗೆ ಬರಲಿ?" ಎಂದಳು. ಈಗ ಕ್ಲಾಸು ಮಂಗಳವಾರ ಸಂಜೆ.