ಸದರ್ನ್ ಸೋಲ್ ಕೇಳುವುದು ಹೇಗೆ: ಗಾಯಕರನ್ನು ಆಮೇಲೆ ನೋಡೋಣ, ಮೊದಲು ಟಾಕೀಸಿಗೆ ಹೋಗಿ

ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. 'ಸದರ್ನ್ ಸೋಲ್‌ನ ಅತ್ಯುತ್ತಮ 100 ಹಾಡು' ಅಂತ ಯಾರೋ ಮಾಡಿಟ್ಟ ಪಟ್ಟಿ ಹಾಕಿಕೊಂಡು ಬಸ್ಸಿನಲ್ಲಿ ಕೂತು ಕೇಳುತ್ತಾ ಹೋದೆ. ಮೂರನೇ ದಿನಕ್ಕೆ ಎಲ್ಲವೂ ಒಂದೇ ಥರ ಅನ್ನಿಸತೊಡಗಿತು. ಯಾರೋ ಗಂಟಲು ಹರಿದುಕೊಂಡು ಹಾಡುತ್ತಾರೆ, ಹಿಂದೆ ಟ್ರಂಪೆಟ್, ಪ್ರೀತಿ ಕೈಕೊಟ್ಟಿದೆ. ಸಾಕಪ್ಪಾ ಅಂತ ಬಿಟ್ಟುಬಿಟ್ಟೆ. ಮತ್ತೆ ಹತ್ತಿರ ಹೋಗಿದ್ದು, ಈ ಸಂಗೀತಕ್ಕೆ ಒಂದು ವಿಳಾಸ ಇದೆ ಅಂತ ಗೊತ್ತಾದ ಮೇಲೆ.

ವಿಳಾಸ ಅಂದರೆ ನಿಜವಾಗಿಯೂ ವಿಳಾಸವೇ. ಅಮೆರಿಕದ ದಕ್ಷಿಣದಲ್ಲಿ ಮೆಂಫಿಸ್, ಮಸಲ್ ಶೋಲ್ಸ್, ಜಾಕ್ಸನ್ ಅಂತ ಮೂರು ಊರು, ಅವುಗಳಲ್ಲಿ ನಾಲ್ಕೈದು ರೆಕಾರ್ಡಿಂಗ್ ಕೋಣೆ. ಕಪ್ಪು ಜನರ ಚರ್ಚಿನ ಹಾಡಿಕೆಯನ್ನು ಪ್ರೀತಿ, ಮೋಸ, ಹೊಟ್ಟೆಪಾಡಿನ ಹಾಡುಗಳಿಗೆ ತಂದು, ಆ ಕೋಣೆಗಳಲ್ಲಿ ಒಂದಷ್ಟು ಜನ ಒಟ್ಟಿಗೆ ನುಡಿಸಿದರು. ಅದೇ ಸದರ್ನ್ ಸೋಲ್, ಅಂದರೆ ದಕ್ಷಿಣದ ಸೋಲ್ (soul) ಸಂಗೀತ. ಹಾಡುವವರು ಬಂದು ಹೋಗುತ್ತಿದ್ದರು, ನುಡಿಸುವವರು ಮಾತ್ರ ಅವರೇ. ಹಾಗಾಗಿ ಗಾಯಕರ ಹೆಸರು ಹಿಡಿದು ಹೋದರೆ ದಾರಿ ತಪ್ಪುತ್ತದೆ. ಕೋಣೆ ಹಿಡಿದು ಹೋಗಿ.

ಇನ್ನೊಂದು ಮಾತು, ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಬೇಸ್ ಗಿಟಾರ್ ಪೂರ್ತಿ ಮಾಯವಾಗುತ್ತದೆ, ಅದು ಹೋದರೆ ಈ ಸಂಗೀತದಲ್ಲಿ ಅರ್ಧ ಹೋದ ಹಾಗೆ. ಸಾಧಾರಣ ಇಯರ್‌ಫೋನ್ ಆದರೂ ಪರವಾಗಿಲ್ಲ. ಹಳೆಯ ಹಾಡುಗಳಿಗೆ ಮೋನೋ, ಸ್ಟೀರಿಯೋ ಎರಡೂ ಸಿಕ್ಕರೆ ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಕೊಡುವುದನ್ನು ಆರಿಸಿ.

ಮೊದಲ ವಾರ: ಮೆಕ್‌ಲೆಮೋರ್ ಅವೆನ್ಯೂದ ಟಾಕೀಸು

ಜಿಮ್ ಸ್ಟೀವರ್ಟ್ ಮೆಂಫಿಸ್‌ನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ, ಹಳ್ಳಿ ಸಂಗೀತದ ಪಿಟೀಲು ನುಡಿಸುತ್ತಿದ್ದ ಬಿಳಿಯ. 1957ರಲ್ಲಿ ಸಣ್ಣದೊಂದು ರೆಕಾರ್ಡ್ ಕಂಪನಿ ಶುರು ಮಾಡಿದ. ಅಕ್ಕ ಎಸ್ಟೆಲ್ ಆಕ್ಸ್‌ಟನ್ ಮನೆ ಅಡವಿಟ್ಟು ರೆಕಾರ್ಡಿಂಗ್ ಮಷಿನ್ ಕೊಡಿಸಿದರು. 1960ರಲ್ಲಿ ಮುಚ್ಚಿಹೋಗಿದ್ದ ಕ್ಯಾಪಿಟಲ್ ಟಾಕೀಸನ್ನು ಬಾಡಿಗೆಗೆ ಹಿಡಿದರು. ತಿಂಡಿ ಮಾರುತ್ತಿದ್ದ ಜಾಗದಲ್ಲಿ ಎಸ್ಟೆಲ್ ರೆಕಾರ್ಡ್ ಅಂಗಡಿ ಇಟ್ಟರು, ಒಳಗೆ ಕುರ್ಚಿ ಕಿತ್ತು ಸ್ಟುಡಿಯೋ ಮಾಡಿದರು. ಸ್ಟೀವರ್ಟ್‌ನ 'ಸ್ಟ್', ಆಕ್ಸ್‌ಟನ್‌ನ 'ಆಕ್ಸ್' ಸೇರಿ 1961ರಲ್ಲಿ ಸ್ಟ್ಯಾಕ್ಸ್ ಅಂತ ಹೆಸರಾಯಿತು.

ದುಡ್ಡಿಲ್ಲದ್ದಕ್ಕೆ ಟಾಕೀಸಿನ ಇಳಿಜಾರು ನೆಲವನ್ನು ಸಮ ಮಾಡಿಸಲಿಲ್ಲ. ಹಾಗಾಗಿ ನೆಲಕ್ಕೂ ಚಾವಣಿಗೂ ಹೊಂದಿಕೆ ಇಲ್ಲ. ಆ ದೊಡ್ಡ ಕೋಣೆಯ ಗುಂಯ್‌ಗುಡುವ ಸದ್ದೇ ಸ್ಟ್ಯಾಕ್ಸ್ ಸದ್ದಾಯಿತು! 1965ರವರೆಗೂ ಇದ್ದದ್ದು ಒಂದೇ ಟ್ರ್ಯಾಕಿನ ಮಷಿನ್. ಡ್ರಮ್ಸ್, ಗಿಟಾರ್, ಟ್ರಂಪೆಟ್, ಗಾಯಕ ಎಲ್ಲರೂ ಒಂದೇ ಸಲ ಹೊಡೆಯಬೇಕು, ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ.

ಇಲ್ಲಿ ಮೊದಲು ಕೇಳಬೇಕಾದ್ದು ಮಾತೇ ಇಲ್ಲದ ಹಾಡು, ಸ್ಟ್ಯಾಕ್ಸ್‌ನ ಖಾಯಂ ವಾದ್ಯತಂಡ ಬೂಕರ್ ಟಿ ಅಂಡ್ ದಿ ಎಂಜಿಸ್ ನುಡಿಸಿದ 'ಗ್ರೀನ್ ಆನಿಯನ್ಸ್', 1962. ಆರ್ಗನ್ ನುಡಿಸಿದ ಬೂಕರ್ ಟಿ ಜೋನ್ಸ್‌ಗೆ ಆಗ 17 ವರ್ಷ. ಬೇರೆ ಗಾಯಕನಿಗೆ ಇಟ್ಟಿದ್ದ ಸ್ಟುಡಿಯೋ ಹೊತ್ತು ಖಾಲಿ ಉಳಿದಾಗ ಸುಮ್ನೆ ನುಡಿಸಿದ್ದು ಅದು. ಆ ದಿನ ನುಡಿಸಿದವರು ಮೂವರು ಕಪ್ಪು, ಒಬ್ಬ ಬಿಳಿ, ಒಂದೇ ಹೋಟೆಲಿನಲ್ಲಿ ಒಟ್ಟಿಗೆ ಕೂತು ಉಣ್ಣಲು ಆಗದ ಕಾಲ. ಹಾಡನ್ನು ನಾಲ್ಕು ಸಲ ಹಾಕಿ. ಒಂದು ಸಲ ಆರ್ಗನ್, ಒಂದು ಸಲ ಸ್ಟೀವ್ ಕ್ರಾಪರ್‌ನ ಗಿಟಾರ್, ಒಂದು ಸಲ ಬೇಸ್, ಕೊನೆಗೆ ಆಲ್ ಜಾಕ್ಸನ್‌ನ ಡ್ರಮ್ಸ್. ಕ್ರಾಪರ್ ಎಷ್ಟು ಕಡಿಮೆ ನುಡಿಸುತ್ತಾನೆ ನೋಡಿ. ಬಾರಿಸದೇ ಇರುವುದೂ ಒಂದು ಕೆಲಸ ಅಂತ ಈತನಿಂದ ತಿಳಿಯುತ್ತದೆ.

ಆಮೇಲೆ ವಿಲ್ಸನ್ ಪಿಕೆಟ್‌ನ 'ಇನ್ ದಿ ಮಿಡ್‌ನೈಟ್ ಅವರ್', 1965. ಇದನ್ನು ಕೈತಟ್ಟುತ್ತಾ ಕೇಳಬೇಕು. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ ಎರಡಕ್ಕೂ ನಾಲ್ಕಕ್ಕೂ ಚಪ್ಪಾಳೆ ತಟ್ಟಿ. ನಿಮ್ಮ ಚಪ್ಪಾಳೆ ಒಂಚೂರು ಮುಂಚೆ ಬೀಳುತ್ತಿದೆ ಅನ್ನಿಸುತ್ತದೆ, ಅಲ್ವಾ? ತಪ್ಪು ನಿಮ್ಮದಲ್ಲ. ಸ್ಟ್ಯಾಕ್ಸ್ ರೆಕಾರ್ಡುಗಳನ್ನು ಅಂಗಡಿಗಳಿಗೆ ಹಂಚುತ್ತಿದ್ದ ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್ಲರ್ ನ್ಯೂಯಾರ್ಕ್ ಹುಡುಗರ ಹೊಸ ಕುಣಿತವನ್ನು ಸ್ಟುಡಿಯೋದಲ್ಲೇ ಕುಣಿದು ತೋರಿಸಿದ, ಅದಕ್ಕೆ ಹೊಂದುವಂತೆ ಜಾಕ್ಸನ್ ಮತ್ತು ಕ್ರಾಪರ್ ಆ ಏಟನ್ನು ಕೂದಲೆಳೆಯಷ್ಟು ತಡ ಮಾಡಿದರು. ಸ್ಟ್ಯಾಕ್ಸ್‌ನ ಆ ಸೋಮಾರಿ ನಡಿಗೆಯ ಗುಟ್ಟು ಇದೇ. ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ಎಲ್ಲೆಲ್ಲೂ ಕೇಳಿಸುತ್ತದೆ.

ಇನ್ನು ಓಟಿಸ್ ರೆಡಿಂಗ್. 1962ರಲ್ಲಿ ಜಾರ್ಜಿಯಾದಿಂದ ಒಬ್ಬ ಗಿಟಾರಿಸ್ಟ್‌ನ ಕಾರು ಓಡಿಸಿಕೊಂಡು ಬಂದ ಡ್ರೈವರ್ ಈತ. ದಿನದ ಕೊನೆಯಲ್ಲಿ ಉಳಿದ ಸ್ವಲ್ಪ ಹೊತ್ತಿನಲ್ಲಿ ನಾನೂ ಒಂದು ಹಾಡುತ್ತೇನೆ ಅಂತ ಹಾಡಿದ್ದೇ 'ದೀಸ್ ಆರ್ಮ್ಸ್ ಆಫ್ ಮೈನ್'. ಆದರೆ ನೀವು ಶುರು ಮಾಡಬೇಕಾದ್ದು 1966ರ 'ಟ್ರೈ ಎ ಲಿಟ್ಲ್ ಟೆಂಡರ್‌ನೆಸ್' ಇಂದ. ಹಾಡು 1932ರದ್ದು, ಸಭ್ಯಸ್ಥರ ಹಳೇ ಹಾಡು. ಓಟಿಸ್ ಮೆಲ್ಲಗೆ ಎತ್ತಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಡ್ರಮ್ಮಿನ ಅಂಚಿಗೆ ಕಡ್ಡಿ ಬಡಿಯುವ ಟಿಕ್ ಟಿಕ್ ಶುರುವಾಗುತ್ತದೆ, ಗಡಿಯಾರದ ಹಾಗೆ, ಹಾಡಿನ ನಡೆಗೆ ದುಪ್ಪಟ್ಟು ವೇಗದಲ್ಲಿ. ಆ ಟಿಕ್ ಟಿಕ್ ಹಿಡಿದುಕೊಂಡು ಕೊನೆವರೆಗೆ ಹೋಗಿ, ಹಾಡು ಎಲ್ಲಿಂದ ಎಲ್ಲಿಗೆ ಬಂತು ಅಂತ ನಿಮಗೇ ನಂಬಿಕೆ ಬರುವುದಿಲ್ಲ. ಟ್ರಂಪೆಟ್ ಮತ್ತು ಸ್ಯಾಕ್ಸೋಫೋನ್ ಏನು ಮಾಡುತ್ತಿವೆ ಅಂತಲೂ ನೋಡಿ. ಇಲ್ಲಿ ಹಿಂದೆ ಹಾಡುವ ಹುಡುಗಿಯರಿಲ್ಲ, ಆ ಜಾಗದಲ್ಲಿ ಊದುವವರೇ ಇದ್ದಾರೆ. ಭಜನೆಯಲ್ಲಿ ಒಬ್ಬರು ಹೇಳಿದ್ದಕ್ಕೆ ಉಳಿದವರು ದನಿಗೂಡಿಸುತ್ತಾರಲ್ಲ, ಚರ್ಚಿನಲ್ಲೂ ಅದೇ ರೂಢಿ, ಇಲ್ಲಿ ಆ ಉತ್ತರ ಕೊಡುವ ಕೆಲಸ ವಾದ್ಯಗಳದ್ದು.

ಎರಡನೇ ವಾರ: ಮಸಲ್ ಶೋಲ್ಸ್

ಅಲಬಾಮಾದ ಸಣ್ಣ ಊರು. ರಿಕ್ ಹಾಲ್ ಎಂಬಾತನ ಫೇಮ್ ಸ್ಟುಡಿಯೋ. ಪರ್ಸಿ ಸ್ಲೆಡ್ಜ್‌ನ 'ವೆನ್ ಎ ಮ್ಯಾನ್ ಲವ್ಸ್ ಎ ವುಮನ್' (1966) ಹುಟ್ಟಿದ್ದೂ ಅದರ ಪಕ್ಕದ ಊರಿನಲ್ಲೇ. ಅಲ್ಲಿವರೆಗೆ ಆತ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಆಳು.

ಇಲ್ಲಿ ಒಂದೇ ಹಾಡಿಗೆ ಸಮಯ ಕೊಡಿ. ಗಾಯಕಿ ಅರೀಥಾ ಫ್ರಾಂಕ್ಲಿನ್ 1967ರ ಜನವರಿಯಲ್ಲಿ ಫೇಮ್‌ಗೆ ಬಂದು ಅಟ್ಲಾಂಟಿಕ್‌ಗಾಗಿ ಹಾಡಿದ 'ಐ ನೆವರ್ ಲವ್ಡ್ ಎ ಮ್ಯಾನ್'. ಶುರುವಿನ ಎಲೆಕ್ಟ್ರಿಕ್ ಪಿಯಾನೋ ನುಡಿಸಿದ್ದು ಸ್ಪೂನರ್ ಓಲ್ಡ್‌ಹ್ಯಾಮ್ ಎಂಬ ಬಿಳಿ ಹುಡುಗ. ಹಾಡು ಮುಗಿಯಿತು, ರಾತ್ರಿ ಹೋಟೆಲಿನಲ್ಲಿ ದೊಡ್ಡ ಜಗಳ ಆಯಿತು, ಅರೀಥಾ ಹೊರಟುಬಿಟ್ಟರು. ವೆಕ್ಸ್ಲರ್ ಬಿಡಬೇಕಲ್ಲ, ಅದೇ ವಾದ್ಯದವರನ್ನು ನ್ಯೂಯಾರ್ಕಿಗೆ ಕರೆಸಿಕೊಂಡ. 'ರೆಸ್ಪೆಕ್ಟ್' ಬಂದದ್ದು ಹಾಗೆ. ಅದಕ್ಕೂ ಮೊದಲು 1965ರಲ್ಲಿ ಓಟಿಸ್ ಹಾಡಿದ 'ರೆಸ್ಪೆಕ್ಟ್' ಕೇಳಿ. ಗಂಡಸು ಮನೆಗೆ ಬಂದು ಮರ್ಯಾದೆ ಕೇಳುವ ಹಾಡನ್ನು ಹೆಂಗಸು ಕಿತ್ತುಕೊಂಡ ಬಗೆ ಗೊತ್ತಾಗುತ್ತದೆ.

ಈಗ ಕಾಗದಪತ್ರ

ಇಳಿತದ ಕಥೆಯನ್ನು ಎಲ್ಲರೂ ಡಿಸ್ಕೋ ಬಂತು, ಸೋಲ್ ಹೋಯಿತು ಅಂತ ಹೇಳಿ ಮುಗಿಸುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಸ್ಟ್ಯಾಕ್ಸ್‌ಗೆ ಏಟು ಬಿದ್ದಿದ್ದು ಡಿಸ್ಕೋ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಅದೂ ಒಂದು ಒಪ್ಪಂದದಿಂದ.

1967ರ ಡಿಸೆಂಬರ್ 10ರಂದು ವಿಸ್ಕಾನ್ಸಿನ್‌ನ ಸರೋವರಕ್ಕೆ ವಿಮಾನ ಬಿದ್ದು ಓಟಿಸ್ ಸತ್ತ. ವಯಸ್ಸು 26. ಜೊತೆಗೆ ಬಾರ್-ಕೇಸ್ ತಂಡದ ನಾಲ್ವರು ಹುಡುಗರು. ಕೆಲವೇ ದಿನ ಮೊದಲು ಹಾಡಿದ್ದ 'ಡಾಕ್ ಆಫ್ ದಿ ಬೇ'ಗೆ ಕ್ರಾಪರ್ ಅಲೆಯ ಸದ್ದು ಸೇರಿಸಿ ಮುಗಿಸಿದ. ಅದು 1968ರಲ್ಲಿ ಅಮೆರಿಕದ ನಂಬರ್ ಒಂದು ಹಾಡಾಯಿತು. ಅದೇ ಹೊತ್ತಿಗೆ, ಸ್ಟ್ಯಾಕ್ಸ್ ರೆಕಾರ್ಡ್ ಹಂಚುತ್ತಿದ್ದ ಅಟ್ಲಾಂಟಿಕ್ ಅನ್ನು ವಾರ್ನರ್ ಕಂಪನಿ ಕೊಂಡುಕೊಂಡಿತ್ತು. ಬೇರೆ ಆಗೋಣ ಅಂತ ಹೊರಟ ಸ್ಟೀವರ್ಟ್‌ಗೆ ಆಗ ಗೊತ್ತಾಯಿತು, 1965ರಲ್ಲಿ ತಾನು ಸರಿಯಾಗಿ ಓದದೆ ಸಹಿ ಹಾಕಿದ ಪತ್ರದ ಪ್ರಕಾರ ಅಲ್ಲಿವರೆಗೆ ಅಟ್ಲಾಂಟಿಕ್ ಹಂಚಿದ ಹಾಡುಗಳೆಲ್ಲ ಅಟ್ಲಾಂಟಿಕ್‌ನವೇ. ಬ್ಯಾಂಕಿನಲ್ಲಿದ್ದವನು! ಸ್ಯಾಮ್ ಅಂಡ್ ಡೇವ್ ಎಂಬ ಗಾಯಕ ಜೋಡಿಯೂ ಅಟ್ಲಾಂಟಿಕ್‌ನಿಂದ ಎರವಲು ಬಂದವರಾದ್ದರಿಂದ ವಾಪಸ್ ಹೋದರು.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದದ್ದು ಮೆಂಫಿಸ್‌ನ ಲೊರೇನ್ ಮೋಟೆಲಿನಲ್ಲಿ. ಸ್ಟ್ಯಾಕ್ಸ್‌ನವರು ಕೂತು ಹಾಡು ಕಟ್ಟುತ್ತಿದ್ದ ಜಾಗ ಅದು. ಮೇಲೆ ಹೇಳಿದ 'ಮಿಡ್‌ನೈಟ್ ಅವರ್' ಹುಟ್ಟಿದ್ದೂ ಅಲ್ಲೇ. ಕಪ್ಪು ಬಿಳಿ ಒಟ್ಟಿಗೆ ನುಡಿಸುತ್ತಿದ್ದ ಕೋಣೆಯಲ್ಲಿ ಮಾತು ಮೊದಲಿನಷ್ಟು ಸಲೀಸಾಗಿ ಉಳಿಯಲಿಲ್ಲ.

ಸ್ಟ್ಯಾಕ್ಸ್ ನಡೆಸುತ್ತಿದ್ದವರಲ್ಲೊಬ್ಬನಾದ ಆಲ್ ಬೆಲ್ ಕಂಪನಿಯನ್ನು ಮತ್ತೆ ಎಬ್ಬಿಸಿದ, ನಿಜ. ಐಸಾಕ್ ಹೇಯ್ಸ್‌ನ 1969ರ 'ಹಾಟ್ ಬಟರ್ಡ್ ಸೋಲ್' ಕೇಳಿ. ಇಡೀ ಆಲ್ಬಮ್ಮಿಗೆ ನಾಲ್ಕೇ ಹಾಡು, ಒಂದಂತೂ 18 ನಿಮಿಷಕ್ಕೂ ಜಾಸ್ತಿ. ಟ್ರಂಪೆಟ್ ಇದ್ದ ಕಡೆ ಪಿಟೀಲುಗಳ ಹಿಂಡು ಬಂದಿದೆ. ಚೆನ್ನಾಗಿದೆ, ಆದರೆ ಇಳಿಜಾರು ನೆಲದ ಸದ್ದು ಇದರಲ್ಲಿಲ್ಲ. 1972ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಒಂದು ಡಾಲರ್ ಟಿಕೆಟ್ಟಿನ ವಾಟ್‌ಸ್ಟ್ಯಾಕ್ಸ್ ಕಛೇರಿಗೆ ಲಕ್ಷದಷ್ಟು ಜನ ಸೇರಿದರು. ಅದೇ ವರ್ಷ ಸಿಬಿಎಸ್ ಎಂಬ ದೊಡ್ಡ ಕಂಪನಿಯ ಜೊತೆ ಹಂಚಿಕೆಯ ಒಪ್ಪಂದ ಆಯಿತು, ಅದು ಕೆಟ್ಟಿತು, ಸಾಲ ಏರಿತು. 1975ರ ಅಕ್ಟೋಬರ್‌ನಲ್ಲಿ ಆಲ್ ಜಾಕ್ಸನ್ ಗುಂಡೇಟಿಗೆ ಬಲಿಯಾದ, ಡಿಸೆಂಬರ್‌ನಲ್ಲಿ ಕಂಪನಿ ಬಾಗಿಲು ಹಾಕಿತು. ಟಾಕೀಸನ್ನು 1989ರಲ್ಲಿ ಕೆಡವಿದರು. ಅದೇ ಜಾಗದಲ್ಲಿ 2003ರಿಂದ ಮ್ಯೂಸಿಯಂ ಇದೆ.

ಇನ್ನೊಂದು ಟಾಕೀಸು, ಇನ್ನೊಂದು ಊರು

ಮೆಂಫಿಸ್‌ನಲ್ಲೇ ರಾಯಲ್ ಸ್ಟುಡಿಯೋ, ಅದೂ ಹಳೇ ಟಾಕೀಸೇ. ಅಲ್ಲಿ ನಿರ್ಮಾಪಕ ವಿಲ್ಲಿ ಮಿಚೆಲ್, ಗಾಯಕ ಆಲ್ ಗ್ರೀನ್‌ಗೆ ಕಿರುಚಬೇಡ, ಮೆಲ್ಲಗೆ ಹಾಡು ಅಂತ ಕಲಿಸಿದ. 'ಲೆಟ್ಸ್ ಸ್ಟೇ ಟುಗೆದರ್' ಎಲ್ಲರಿಗೂ ಗೊತ್ತು. ನಾನು ಹೇಳುವುದು ಆನ್ ಪೀಬಲ್ಸ್ 1973ರಲ್ಲಿ ಹಾಡಿದ 'ಐ ಕಾಂಟ್ ಸ್ಟ್ಯಾಂಡ್ ದಿ ರೇನ್'. ಶುರುವಿನಲ್ಲಿ ತಗಡಿನ ಮೇಲೆ ಹನಿ ಬಿದ್ದಂತೆ ಕೇಳುವುದು ಎಲೆಕ್ಟ್ರಿಕ್ ಟಿಂಬಾಲಿ ಎಂಬ ತಾಳವಾದ್ಯ. ಈ ಸ್ಟುಡಿಯೋ ಇವತ್ತಿಗೂ ನಡೆಯುತ್ತಿದೆ.

ಜಾಕ್ಸನ್ ಊರಿನ ಮಲಾಕೋ ಕಂಪನಿ ಮಾತ್ರ ದೊಡ್ಡ ಕಂಪನಿಗಳು ಕೈಬಿಟ್ಟ ಗಾಯಕರನ್ನು ಎತ್ತಿಕೊಂಡಿತು. 1982ರಲ್ಲಿ ಝಡ್ ಝಡ್ ಹಿಲ್ ಎಂಬ ಗಾಯಕನ 'ಡೌನ್ ಹೋಮ್' ಆಲ್ಬಮ್ ಹಿಟ್ ಆದ ಮೇಲೆ ಬಾಬಿ ಬ್ಲಾಂಡ್, ಲಿಟ್ಲ್ ಮಿಲ್ಟನ್, ಡೆನೀಸ್ ಲಾಸಾಲ್ ಅಲ್ಲಿಗೆ ಬಂದರು. 1985ರಲ್ಲಿ ಮಸಲ್ ಶೋಲ್ಸ್ ಸೌಂಡ್ ಎಂಬ ಸ್ಟುಡಿಯೋವನ್ನೇ (ಫೇಮ್ ಅಲ್ಲ) ಕೊಂಡುಕೊಂಡಿತು. ಈಗ ಸದರ್ನ್ ಸೋಲ್ ಅಂದರೆ ದಕ್ಷಿಣದ ಸಣ್ಣ ಊರುಗಳ ನಡುವಯಸ್ಸಿನವರು ಶನಿವಾರ ರಾತ್ರಿ ಕುಣಿಯುವ ಹಾಡು, ಕೀಬೋರ್ಡೂ ಡ್ರಮ್ ಮಷಿನ್ನೂ ಜಾಸ್ತಿ. ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ.

ಇಷ್ಟೆಲ್ಲ ಕೇಳಲು ಹೊತ್ತಿಲ್ಲ ಅನ್ನುವವರಿಗೆ ಒಂದು ಅಡ್ಡದಾರಿ ಇದೆ, ಅವನ ಹೆಸರು ಜಾನಿ ಟೇಲರ್. ಗಾಯಕ ಸ್ಯಾಮ್ ಕುಕ್ ಬಿಟ್ಟ ಜಾಗಕ್ಕೆ ಸೋಲ್ ಸ್ಟಿರರ್ಸ್ ಎಂಬ ಚರ್ಚ್ ತಂಡ ಸೇರಿದವನು. 1968ರಲ್ಲಿ ಸ್ಟ್ಯಾಕ್ಸ್‌ಗೆ 'ಹೂಸ್ ಮೇಕಿಂಗ್ ಲವ್' ಹಾಡಿದ. ಸ್ಟ್ಯಾಕ್ಸ್ ಮುಚ್ಚಿದ ಮೇಲೆ 1976ರಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿಗೆ 'ಡಿಸ್ಕೋ ಲೇಡಿ', ಭಾರೀ ಮಾರಾಟಕ್ಕೆ ಕೊಡುವ ಪ್ಲಾಟಿನಮ್ ಗುರುತು ಪಡೆದ ಮೊದಲ ಸಿಂಗಲ್ ಅದು. ಕೊನೆಗೆ 1996ರಲ್ಲಿ ಮಲಾಕೋಗೆ 'ಲಾಸ್ಟ್ ಟೂ ಡಾಲರ್ಸ್'. ಮೂರನ್ನೂ ಇದೇ ಕ್ರಮದಲ್ಲಿ ಒಂದರ ಹಿಂದೆ ಒಂದು ಹಾಕಿ, ಮಧ್ಯೆ ನಿಲ್ಲಿಸಬೇಡಿ. ಕೊನೆಯ ಹಾಡಿನ ಹೊತ್ತಿಗೆ ಜೂಜಿನಲ್ಲಿ ಸೋತು ಕೈಯಲ್ಲಿ ಉಳಿದಿರುವುದು ಎರಡೇ ಡಾಲರ್. ಒಂದು ಬಸ್ ಚಾರ್ಜಿಗೆ, ಇನ್ನೊಂದು ಹಾಡಿನ ಪೆಟ್ಟಿಗೆಗೆ.