ಕಾಲು ಎಚ್ಚರಾಗುವ ಗಂಟೆ: ತೀವ್ರ ರೆಸ್ಟ್‌ಲೆಸ್ ಲೆಗ್ಸ್ ನಿಭಾಯಿಸಿದ ಬಗೆ

ರೆಸ್ಟ್‌ಲೆಸ್ ಲೆಗ್ಸ್ ಅಂದರೆ ರಾತ್ರಿಯಾದರೆ ಕಾಲು ಅಲ್ಲಾಡಿಸದೆ ಇರಲಾಗದ ಕಾಯಿಲೆ. ಇದರಲ್ಲಿ ನಾನು ತಪ್ಪದೆ ಬರೆದಿಡುವುದು ಒಂದೇ ಅಂಕಿ. ಇವತ್ತು ಕಾಲು ಎಷ್ಟು ಗಂಟೆಗೆ ಶುರುಮಾಡಿತು? ಅಡುಗೆಮನೆಯ ಕ್ಯಾಲೆಂಡರಿನ ಚೌಕದಲ್ಲಿ 9.30, 9.15, 8.50 ಎಂದು ಗೀಚಿಡುತ್ತೇನೆ. ಚಡಪಡಿಕೆ ಹತ್ತಕ್ಕೆ ಎಷ್ಟು ಎಂಬ ಅಂದಾಜು ಮನಸ್ಸಿನ ಮೇಲೆ ನಿಂತಿರುತ್ತದೆ. ನಿದ್ದೆಯ ಲೆಕ್ಕದಲ್ಲಿ ಏಪ್ರಿಲ್‌ನ ಸೆಕೆ, ಸೊಳ್ಳೆ, ಕರೆಂಟು ಹೋದದ್ದು ಎಲ್ಲ ಸೇರಿಕೊಳ್ಳುತ್ತದೆ. ಶುರುವಾದ ಗಂಟೆ ಹಾಗಲ್ಲ. ಅದು ತಿಂಗಳಿಂದ ತಿಂಗಳಿಗೆ ಸಂಜೆಯ ಕಡೆಗೆ ಜಾರುತ್ತಿದ್ದರೆ ಚಿಕಿತ್ಸೆಯಲ್ಲೇ ಎಲ್ಲೋ ಎಡವಟ್ಟಾಗಿದೆ ಎಂದರ್ಥ.

ಮೊದಲು ಇದು ಅದೇ ಹೌದೇ ಎಂದು ನೋಡಿಕೊಳ್ಳಬೇಕು. ನಮ್ಮ ಕಡೆ ಇದನ್ನು ವಾಯು ಅನ್ನುತ್ತಾರೆ, ನರದ ದೋಷ ಅನ್ನುತ್ತಾರೆ, ಎಣ್ಣೆ ತಿಕ್ಕಲು ಹೇಳುತ್ತಾರೆ. ಕಾಲು ಅಲ್ಲಾಡಿಸದೆ ಇರಲಾಗದಂಥ ತುಡಿತ, ಕುಳಿತರೆ ಮಲಗಿದರೆ ಹೆಚ್ಚುವುದು, ನಡೆದಷ್ಟು ಹೊತ್ತು ತಗ್ಗುವುದು, ರಾತ್ರಿ ಜೋರಾಗಿ ಬೆಳಗ್ಗೆ ಶಾಂತವಾಗುವುದು, ಈ ನಾಲ್ಕೂ ಸೇರಿರಬೇಕು. ಬೇರೆ ಕಾರಣವೂ ಇರಬಾರದು. ಮೀನಖಂಡ ಗಂಟುಕಟ್ಟಿ ನೋಯುವುದು ಬೇರೆ. ಸಕ್ಕರೆ ಕಾಯಿಲೆಯವರ ಉರಿಪಾದ ನಡೆದರೂ ಹೋಗದು. ಉಬ್ಬಿದ ರಕ್ತನಾಳದ ಭಾರ ನಿಂತಷ್ಟೂ ಹೆಚ್ಚುತ್ತದೆ. ಥಾಮಸ್ ವಿಲ್ಲಿಸ್ 1672ರಲ್ಲೇ ಇದನ್ನು ವರ್ಣಿಸಿದ್ದ. 1945ರಲ್ಲಿ ಸ್ವೀಡನ್ನಿನ ಎಕ್‌ಬೊಮ್ ಈಗಿನ ಹೆಸರು ಕೊಟ್ಟ. ಆದರೂ "ಟೆನ್ಶನ್ ಮಾಡ್ಬೇಡಿ" ಎಂಬ ಸಲಹೆ ಇನ್ನೂ ನಿಂತಿಲ್ಲ.

ಎಲ್ಲಕ್ಕಿಂತ ಮೊದಲು ಕಬ್ಬಿಣ. ರಕ್ತದಲ್ಲಿ ಹಿಮೋಗ್ಲೋಬಿನ್ 13 ಇದ್ದರೂ ಮಿದುಳಿನಲ್ಲಿ ಕಬ್ಬಿಣ ಕಡಿಮೆ ಇರಬಹುದು, ಇಲ್ಲಿ ಲೆಕ್ಕಕ್ಕೆ ಬರುವುದು ಅದೇ. ಲ್ಯಾಬಿನ ರಿಪೋರ್ಟಿನಲ್ಲಿ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) 22 ಎಂದಿದ್ದು ಪಕ್ಕದಲ್ಲಿ "ನಾರ್ಮಲ್" ಎಂದು ಬರೆದಿರುತ್ತದೆ, ಯಾಕೆಂದರೆ ಅವರ ಕೆಳಮಿತಿ 10 ಅಥವಾ 15. ಈ ಕಾಯಿಲೆಗೆ ಆ ಮಿತಿಯೇ ಬೇರೆ: ಫೆರಿಟಿನ್ 75 ಅಥವಾ ಕಡಿಮೆ, ಇಲ್ಲವೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಎಂಬುದು) ಶೇ. 20ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡಬೇಕು. 75ರಿಂದ 100ರ ನಡುವೆ ಇದ್ದರೆ ಮಾತ್ರೆಯಿಂದ ಹೆಚ್ಚು ಪ್ರಯೋಜನವಿಲ್ಲ, ರಕ್ತನಾಳದ ಮೂಲಕ ಕೊಡುವುದನ್ನು ಯೋಚಿಸುತ್ತಾರೆ. ಆದ್ದರಿಂದ ಸೀರಂ ಐರನ್, ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಎಂಬುದು), ಫೆರಿಟಿನ್ ಮೂರನ್ನೂ ಒಟ್ಟಿಗೆ ಮಾಡಿಸಿ. ಐರನ್ನನ್ನು ಟಿಐಬಿಸಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಸ್ಯಾಚುರೇಶನ್ ಸಿಗುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲೇ ರಕ್ತ ಕೊಡಬೇಕು, ಹಿಂದಿನ ಎರಡು ದಿನ ಕಬ್ಬಿಣದ ಮಾತ್ರೆ ನಿಲ್ಲಿಸಿರಬೇಕು.

ಮಂಗಳೂರು, ಉಡುಪಿಯವರಿಗೆ ಇನ್ನೊಂದು ಎಚ್ಚರಿಕೆ. ಮಳೆಗಾಲದಲ್ಲಿ ಮಲೇರಿಯಾ, ಡೆಂಗಿ, ಇಲಿಜ್ವರ ಯಾವುದಾದರೂ ಬಂದು ಹೋಗಿದ್ದರೆ ಫೆರಿಟಿನ್ ಸುಳ್ಳು ಸುಳ್ಳೇ ಏರಿ ಕುಳಿತಿರುತ್ತದೆ. ಉರಿಯೂತ ಇದ್ದಾಗೆಲ್ಲ ಹಾಗೆ. ಜ್ವರ ಬಿಟ್ಟು ಒಂದು ತಿಂಗಳಾದರೂ ಕಳೆಯಲಿ, ಜೊತೆಗೆ ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆ ಮಾಡಿಸಿ. ಹಾಗೆ ನೋಡದೆ "ನಿಮ್ಮ ಫೆರಿಟಿನ್ 180, ಕಬ್ಬಿಣ ಬೇಡ" ಅನ್ನಿಸಿಕೊಂಡು ಬಂದವರು ಬೇಕಾದಷ್ಟು ಮಂದಿ.

ಮಾತ್ರೆ ನುಂಗುವುದರಲ್ಲೂ ಕ್ರಮವಿದೆ. ಒಂದು ಡೋಸ್ ಹೊಟ್ಟೆಗೆ ಹೋದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚಿಬಿಡುತ್ತದೆ. ಹೀಗಾಗಿ ದಿನಕ್ಕೆ ಮೂರು ನುಂಗಿದರೆ ಮಲಬದ್ಧತೆಯೇ ಲಾಭ. ನಾನು ದಿನ ಬಿಟ್ಟು ದಿನ ಒಂದು ತೆಗೆದುಕೊಳ್ಳುತ್ತೇನೆ: ಫೆರಸ್ ಆಸ್ಕಾರ್ಬೇಟ್, 100 ಮಿ.ಗ್ರಾಂ ಕಬ್ಬಿಣ ಇರುವುದು, ಖಾಲಿ ಹೊಟ್ಟೆಯಲ್ಲಿ, ಲಿಂಬೆ ಶರಬತ್ತಿನ ಜೊತೆ. ಮುಂದಿನ ಎರಡು ಗಂಟೆ ಚಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇಲ್ಲ. ಆಸಿಡಿಟಿಗೆಂದು ದಿನಾ ಪ್ಯಾಂಟೊಪ್ರಜೋಲ್ ತಿನ್ನುವವರಿಗೆ ಕಬ್ಬಿಣ ಹತ್ತುವುದೇ ಕಷ್ಟ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಹರಿವೆ ಸೊಪ್ಪು, ಮರುವಾಯಿ ಪುಂಡಿ ಖಂಡಿತ ತಿನ್ನಿ, ರುಚಿಗೆ. ಫೆರಿಟಿನ್ 20ರಿಂದ 100ಕ್ಕೆ ಏರುವುದು ಊಟದಿಂದ ಆಗುವ ಕೆಲಸವಲ್ಲ. ಮಾತ್ರೆ ಹತ್ತದಿದ್ದರೆ, ಅಥವಾ ರಾತ್ರಿಗಳು ಕಾಯುವಂತಿಲ್ಲದಿದ್ದರೆ, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣದ 1000 ಮಿ.ಗ್ರಾಂ ಡ್ರಿಪ್. ಅದರ ಫಲ ಮರುದಿನ ಕಾಣದು, 4ರಿಂದ 12 ವಾರ ಬೇಕು. ರಕ್ತದ ಫಾಸ್ಫೇಟ್ ಇಳಿದು ವಿಪರೀತ ಸುಸ್ತು ಬರುವುದುಂಟು, ಅದನ್ನು ವೈದ್ಯರಿಗೆ ಹೇಳಬೇಕು. ಥಲಸ್ಸೀಮಿಯಾ ಇರುವವರು, ಕಬ್ಬಿಣ ಹೆಚ್ಚು ತುಂಬುವ ಕಾಯಿಲೆಯವರು ಪರೀಕ್ಷೆಯಿಲ್ಲದೆ ಇದಕ್ಕೆ ಕೈ ಹಾಕಲೇಬಾರದು.

ಎರಡನೆಯದು, ಮನೆಯ ಮದ್ದಿನ ಡಬ್ಬ ಖಾಲಿ ಮಾಡುವುದು. ಶೀತದ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್, ತುರಿಕೆಗೆ ಕೊಡುವ ಫೆನಿರಮಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಮತ್ತು ಪ್ರೊಕ್ಲೊರ್‌ಪೆರಜಿನ್ ಕಾಲನ್ನು ಕೆರಳಿಸುತ್ತವೆ. ಶಿರಾಡಿ, ಚಾರ್ಮಾಡಿ ಹತ್ತುವ ಮುಂಚೆ ಬಸ್ಸಿನ ವಾಂತಿಗೆಂದು ನುಂಗುವ ಪ್ರೊಮೆಥಜಿನ್ ಇವುಗಳಲ್ಲೆಲ್ಲ ಕೆಟ್ಟದ್ದು. ಅಲರ್ಜಿ ಮದ್ದಿನಂತೆಯೂ, ಚಲನೆಯನ್ನು ಹಿಡಿತದಲ್ಲಿಡುವ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕವನ್ನು ತಡೆದೂ, ಎರಡು ಕಡೆಯಿಂದ ಹೊಡೆಯುತ್ತದೆ. ರಾತ್ರಿಯಿಡೀ ಸೀಟಿನಲ್ಲಿ ಕಟ್ಟಿಹಾಕಿದಂತೆ ಕುಳಿತಿರುವಾಗಲೇ ಅದು ಹೊಟ್ಟೆಯಲ್ಲಿರುತ್ತದೆ. ವಾಂತಿಗೆ ಡೊಂಪೆರಿಡೋನ್ ಅಥವಾ ಒಂಡಾನ್ಸೆಟ್ರಾನ್ ವಾಸಿ. ಖಿನ್ನತೆಗೆ ಕೊಡುವ ಮಿರ್ಟಜಪಿನ್, ಅಮಿಟ್ರಿಪ್ಟಿಲಿನ್, ಎಸ್‌ಎಸ್‌ಆರ್‌ಐ ಗುಂಪಿನವೂ ಹೆಚ್ಚಿಸಬಹುದು, ಆದರೆ ಅವನ್ನು ತಾನಾಗಿ ನಿಲ್ಲಿಸುವುದು ತಪ್ಪು. ಬುಪ್ರೋಪಿಯಾನ್‌ಗೆ ಬದಲಿಸಬಹುದೇ ಎಂದು ಕೇಳಿ. ನಾಲ್ಕು ಗಂಟೆಯ ಚಾ ಬಿಡುವುದು ನನಗೆ ಮದ್ದು ಬದಲಿಸಿದ್ದಕ್ಕಿಂತ ಕಷ್ಟವಾಯಿತು. ಗೊರಕೆ ಇರುವವರು ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು) ಪರೀಕ್ಷಿಸಿಕೊಳ್ಳಲಿ.

ಇಷ್ಟಾದರೂ ವಾರದಲ್ಲಿ ಹೆಚ್ಚಿನ ರಾತ್ರಿಗಳು ಹಾಳಾಗುತ್ತಿದ್ದರೆ ಮದ್ದು ಬೇಕು. ಈಗ ಮೊದಲಿಗೆ ಆರಿಸುವುದು ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್. ಗ್ಯಾಬಪೆಂಟಿನ್ 300 ಮಿ.ಗ್ರಾಂನಿಂದ, ಪ್ರಿಗ್ಯಾಬಲಿನ್ 75ರಿಂದ ಶುರು. ವಯಸ್ಸಾದವರಿಗೆ, ಕಿಡ್ನಿ ದುರ್ಬಲ ಇದ್ದವರಿಗೆ ಇನ್ನೂ ಕಡಿಮೆ. ಮಲಗುವಾಗ ನುಂಗಿದರೆ ತಡವಾಯಿತು. ಕ್ಯಾಲೆಂಡರಿನ ಗಂಟೆಯಿಂದ ಎರಡು ತಾಸು ಹಿಂದಕ್ಕೆ ಎಣಿಸಬೇಕು: 9.30ಕ್ಕೆ ಶುರುವಾಗುವುದಾದರೆ 7.30ಕ್ಕೆ. ಗ್ಯಾಬಪೆಂಟಿನ್ ಒಂದೇ ಸಲಕ್ಕೆ 600ಕ್ಕಿಂತ ಹೆಚ್ಚಾದರೆ ಕರುಳು ಪೂರ್ತಿ ಹೀರುವುದಿಲ್ಲ, ಎರಡಾಗಿ ಒಡೆಯುವುದು ಲೇಸು. ಆಸಿಡಿಟಿಯ ಸಿರಪ್ಪಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ತಲೆಸುತ್ತು, ತೂಕ, ಪಾದದ ಬಾವು, ಮನಸ್ಸು ಕುಗ್ಗುವುದು, ಇವು ಅಡ್ಡ ಪರಿಣಾಮಗಳು. ಮದ್ಯ ಸೇರಿದರೆ ಉಸಿರಾಟಕ್ಕೇ ಅಪಾಯ.

ಡೋಪಮಿನ್‌ನಂತೆ ಕೆಲಸ ಮಾಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳ ವಿಷಯಕ್ಕೆ ಬರೋಣ, ಎಷ್ಟೋ ತೀವ್ರ ಪ್ರಕರಣಗಳ ಮೂಲ ಇಲ್ಲಿದೆ. 0.125 ಮಿ.ಗ್ರಾಂನ ಒಂದು ಚೂರು ಮಾತ್ರೆ ಮೊದಲ ರಾತ್ರಿಯೇ ಕಾಲನ್ನು ಮಲಗಿಸುತ್ತದೆ. ಕೆಲವು ತಿಂಗಳು ಅಥವಾ ವರ್ಷಗಳ ಮೇಲೆ 9.30 ಇದ್ದದ್ದು 7 ಆಗುತ್ತದೆ, ಆಮೇಲೆ 5. ಕುಳಿತ ಹತ್ತೇ ನಿಮಿಷಕ್ಕೆ ಶುರು, ಕೈಗೂ ಹಬ್ಬುತ್ತದೆ. ಇದಕ್ಕೆ ಆಗ್ಮೆಂಟೇಶನ್ ಎಂದು ಹೆಸರು. ರೋಗ ಹೆಚ್ಚಿತೆಂದು ಡೋಸ್ ಏರಿಸಿದರೆ ಒಂದೆರಡು ವಾರ ಸುಖ, ಮತ್ತೆ ಇನ್ನೂ ಕೆಳಗೆ. ದೇಹದಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪ ದಿನಾ ತಿಂದರೆ ಇದು ಇನ್ನೂ ಬೇಗ. 2025ರ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಮಾರ್ಗಸೂಚಿ ಈ ಗುಂಪನ್ನು ರೂಢಿಯಾಗಿ ಕೊಡಬೇಡಿ ಎಂದೇ ಹೇಳಿದೆ. ಜೂಜು, ಮಿತಿಮೀರಿದ ಖರೀದಿಯಂಥ ಚಟ ಹೊಸದಾಗಿ ಅಂಟಿಕೊಂಡರೂ ಇದೇ ಮಾತ್ರೆಯನ್ನು ಸಂಶಯಿಸಬೇಕು. ಮನೆಯವರಿಗೆ ಮೊದಲೇ ತಿಳಿಸಿಟ್ಟಿರಿ.

ಹೊರಬರುವ ದಾರಿ ವೈದ್ಯರ ಕೈ ಹಿಡಿದೇ. ಮೊದಲು ಕಬ್ಬಿಣ ತುಂಬಿಸಿ, ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಸಾಕಷ್ಟು ಡೋಸಿಗೆ ಏರಿಸಿಕೊಂಡು, ಆಮೇಲೆ ಪ್ರಮಿಪೆಕ್ಸೋಲನ್ನು ಒಂದೆರಡು ವಾರಕ್ಕೊಮ್ಮೆ 0.125ರಂತೆ ಇಳಿಸುವುದು. ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಚೂರು ಬಿಟ್ಟಾಗ ಒಂದಿಷ್ಟು ರಾತ್ರಿ ನಿದ್ದೆಯೇ ಇರುವುದಿಲ್ಲ, ಕೆಲವರಿಗೆ ಎರಡು ವಾರದವರೆಗೂ. ಅದಕ್ಕೆ ರಜೆ ಹಾಕಿ, ಮದುವೆ ಮುಂಜಿ ಇಲ್ಲದ ತಿಂಗಳು ಆರಿಸಿ. ಆಷಾಢದ ಹೊತ್ತಿನ ಆಟಿ ತಿಂಗಳು ಒಳ್ಳೆಯದು. ಆ ದಿನಗಳಲ್ಲಿ ಸ್ಕೂಟರ್ ಮುಟ್ಟಬೇಡಿ. ಆಗಲೂ ತಡೆಯದವರಿಗೆ ತಜ್ಞರು ಅತಿ ಕಡಿಮೆ ಪ್ರಮಾಣದ ಓಪಿಯಾಯ್ಡ್ (ಅಫೀಮು ಜಾತಿಯ ನೋವಿನ ಮದ್ದು) ಕೊಡುವುದುಂಟು. ಆ ಗುಂಪಿನ ಟ್ರಮಡಾಲ್ ಮಾತ್ರ ತಾನೇ ಆಗ್ಮೆಂಟೇಶನ್ ತರಬಲ್ಲದು.

ರಾತ್ರಿಯ ಉಪಾಯಗಳು ಮದ್ದಿನ ಬದಲಿಗಲ್ಲ, ಮದ್ದು ಹತ್ತುವವರೆಗಿನ ಹೊತ್ತಿಗೆ. ಹಂಡೆಯ ಬಿಸಿನೀರು ಮೊಣಕಾಲಿನಿಂದ ಕೆಳಗೆ ಹತ್ತು ನಿಮಿಷ, ಆಮೇಲೆ ತಣ್ಣಗಿನ ಕಾವಿ ನೆಲದ ಮೇಲೆ ನಡಿಗೆ. ಬೈರಾಸನ್ನು (ಟವೆಲನ್ನು) ಪಾದದ ಸುತ್ತ ಬಿಗಿಯಾಗಿ ಸುತ್ತುವುದು, ಬೆರಳು ಜೋಮು ಹಿಡಿದರೆ ತಕ್ಷಣ ಬಿಚ್ಚುವುದು. ಮನಸ್ಸು ಪೂರ್ತಿ ಒಂದರಲ್ಲಿ ಮುಳುಗಿದ್ದರೆ ಕಾಲು ಸುಮ್ಮನಿರುತ್ತದೆ: ಯಕ್ಷಗಾನದಲ್ಲಿ ಜೋರು ಯುದ್ಧ ನಡೆಯುವಾಗ ಏನೂ ಇಲ್ಲ, ಪ್ರಸಂಗ ಎಳೆದಾಡತೊಡಗಿದರೆ ಎದ್ದು ಹಿಂದೆ ನಿಲ್ಲಬೇಕಾಗುತ್ತದೆ. ಸಂಜೆ ಕಾಲು ಮಡಚಿ ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು ಆ ಕೆಲಸವನ್ನು ಬೆಳಗ್ಗೆಗೆ ತಳ್ಳಲಿ. ತಡರಾತ್ರಿಯ ಭಾರೀ ವ್ಯಾಯಾಮ ತಿರುಗಿ ಬೀಳುತ್ತದೆ.

ಬೆಂಗಳೂರಿಗೆ ರಾತ್ರಿ ಬಸ್ಸಿನ ಬದಲು ಸಕಲೇಶಪುರದ ಮೇಲೆ ಹೋಗುವ ಹಗಲು ರೈಲು ಹಿಡಿಯಿರಿ, ಬೋಗಿಯ ಉದ್ದಕ್ಕೂ ನಡೆಯಬಹುದು. ಡಯಾಲಿಸಿಸ್ ಇದ್ದವರು ನಾಲ್ಕು ಗಂಟೆ ಅಲ್ಲಾಡದೆ ಮಲಗಬೇಕಾದ್ದರಿಂದ ಬೆಳಗಿನ ಪಾಳಿ ಕೇಳಿ ಪಡೆಯಲಿ. ಪರ್ಸಿನಲ್ಲಿ ಒಂದು ಚೀಟಿ ಇರಲಿ: ರೋಗದ ಹೆಸರು, ಈಗಿನ ಮದ್ದು, ಮೆಟೊಕ್ಲೊಪ್ರಮೈಡ್, ಪ್ರೊಕ್ಲೊರ್‌ಪೆರಜಿನ್, ಪ್ರೊಮೆಥಜಿನ್, ಹ್ಯಾಲೊಪೆರಿಡಾಲ್ ಕೊಡಬೇಡಿ ಎಂಬ ಸಾಲು. ಆಪರೇಶನ್ ಮುಂಚೆ ಅರಿವಳಿಕೆ ವೈದ್ಯರ ಕೈಗೆ ಅದನ್ನು ಕೊಡಿ, ಕೇಸ್ ಶೀಟಿನ ಮೇಲ್ಗಡೆ ಬರೆಸಿಕೊಳ್ಳಿ.